ಗಡಿಗೆಯ ರುಚಿ, ಪೀಪಾಯಿಯ ರುಚಿ

ತೆಂಗಿನ ನೆರಳಿನಲ್ಲಿಯೇ ಹುಟ್ಟಿ ಬೆಳೆದವನೊಬ್ಬನಿಗೆ, ತೆಂಗೇ ಬೆಳೆಯದ ನಾಡೊಂದರಿಂದ ತೆಂಗಿನಕಾಯಿಯ ಪರಿಮಳವನ್ನು ಸೀಸೆಯಲ್ಲಿ ತುಂಬಿಸಿ ಕಳುಹಿಸಿಕೊಟ್ಟರೆ ಅವನು ನಗದೆ ಇರಲಾರ. ನಂದಿಕೂರಿನ ಯಾವುದಾದರೊಂದು ಮನೆಯಲ್ಲಿ ನಡೆದಿರಬಹುದಾದ ಸಂಗತಿ ಇದು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಸಮುದ್ರದಿಂದ ತುಸುವೇ ಒಳಗೆ, ಗದ್ದೆ ತೋಟಗಳ ನಡುವೆ ಇರುವ ಈ ಊರಿಗೆ ಇಂದು ಕೊಂಕಣ ರೈಲಿನ ಪುಟ್ಟ ನಿಲ್ದಾಣವುಂಟು. ನೆರೆಯ ಎಲ್ಲೂರಿನಲ್ಲಿ ತಲೆಯೆತ್ತಿದ ಉಷ್ಣವಿದ್ಯುತ್ ಸ್ಥಾವರದ ಹೊಗೆಕೊಳವೆಯುಂಟು. ಇವೆರಡೂ ಬರುವುದಕ್ಕೆ ಬಹಳ ಮೊದಲಿನಿಂದ ಇದ್ದದ್ದು ತೆಂಗು.

ದೀಪಾವಳಿಯ ರಜೆಗೆಂದು ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದು ಪಡುಬಿದ್ರಿಯಲ್ಲಿ ಇಳಿದ ತರುಣನೊಬ್ಬ, ಸೋದರಮಾವನ ಮನೆಯ ಜಗಲಿಯ ಮೇಲೆ ಚೀಲವನ್ನು ಬಿಚ್ಚಿ, ಅಂಗಿಗಳ ನಡುವೆ ಜೋಪಾನವಾಗಿ ಸುತ್ತಿಟ್ಟಿದ್ದ ಕಪ್ಪು ಸೀಸೆಯೊಂದನ್ನು ಹೊರತೆಗೆಯುತ್ತಾನೆ. ಅಮೆರಿಕದಿಂದ ಬಂದ ಗೆಳೆಯನು ಕೊಟ್ಟ ಉಡುಗೊರೆ ಅದು. ಒಳಗಿರುವುದು ಬಿಯರ್, ಆದರೆ ಅಂಗಡಿಯಲ್ಲಿ ಸಿಗುವ ಹಳದಿ ಬಿಯರ್ ಅಲ್ಲ. ಓಕ್ ಮರದ ಪೀಪಾಯಿಯಲ್ಲಿ ಹೆಚ್ಚು ಕಡಿಮೆ ಒಂದು ವರ್ಷ ಮಲಗಿ ಎದ್ದದ್ದು. ಬೆಲೆ ಕೇಳಿದರೆ ಮಾವನಿಗೆ ಕೋಪ ಬಂದೀತೆಂದು ಹುಡುಗನು ಅದನ್ನು ಹೇಳುವುದಿಲ್ಲ.

ಮಾವನಾದರೋ ತನ್ನ ಹದಿನೇಳನೆಯ ವಯಸ್ಸಿನಿಂದ ಐವತ್ತೈದರವರೆಗೆ ದಿನಕ್ಕೆ ಎರಡು ಬಾರಿ, ಕೆಲವೊಮ್ಮೆ ಮೂರು ಬಾರಿ, ತೆಂಗಿನ ಮರವನ್ನೇರಿ ಕಳ್ಳಿಳಿಸಿದವನು. ತುಳುನಾಡಿನಲ್ಲಿ ಆ ಕಸುಬಿಗೆ ಮೂರ್ತೆ ಎಂದು ಹೆಸರು, ಕಸುಬಿನವನು ಮೂರ್ತೆದಾರ. ಮೊಣಕಾಲು ಸೋತ ಮೇಲೆ ಮರದ ಸಹವಾಸ ತಪ್ಪಿದೆ. ನಾಲಗೆ ಇನ್ನೂ ಸೋತಿಲ್ಲ.

"ಮಾವ, ಒಂದು ಗುಟುಕು ನೋಡಿ. ಇದರಲ್ಲಿ ತೆಂಗಿನಕಾಯಿಯ ಪರಿಮಳ ಇದೆಯಂತೆ," ಎನ್ನುತ್ತಾನೆ ಅಳಿಯ.

"ತೆಂಗಿನಕಾಯಿ ಹಾಕಿದ್ದಾರಾ?"

"ಹಾಕಿಲ್ಲ. ಮರದಿಂದ ಬಂದದ್ದು."

"ಯಾವ ಮರ?"

"ಓಕ್."

ಮಾವ ಲೋಟವನ್ನು ಮೂಗಿನ ಬಳಿ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, "ಹೌದಾ, ಕೊಬ್ಬರಿ," ಎಂದು ಒಪ್ಪಿಕೊಳ್ಳುತ್ತಾನೆ.

ಮಾವನ ಮೂಗು ತಪ್ಪಿಲ್ಲ. ಓಕ್ ಮರದ ತಿರುಳಿನಲ್ಲಿ ಲ್ಯಾಕ್ಟೋನ್ ಎಂಬ ವರ್ಗಕ್ಕೆ ಸೇರಿದ ಒಂದು ದ್ರವ್ಯವಿದೆ. ಅದರ ವಾಸನೆ ಕೊಬ್ಬರಿಯ ವಾಸನೆಯನ್ನು ಹೋಲುತ್ತದೆ. ಕೊಬ್ಬರಿಯಲ್ಲಿರುವ ಸುಗಂಧವೂ ಅದೇ ವರ್ಗದ ಬೇರೆ ದ್ರವ್ಯಗಳಿಂದ ಬಂದದ್ದೇ. ಎಂದರೆ, ದಾಯಾದಿಗಳ ಮುಖ ಹೋಲುವಂತೆ ಈ ಎರಡು ಪರಿಮಳಗಳೂ ಹೋಲುತ್ತವೆ. ಫ್ರಾನ್ಸಿನ ಓಕ್‌ಗಿಂತ ಅಮೆರಿಕದ ಬಿಳಿಯ ಓಕ್‌ನಲ್ಲಿ ಈ ದ್ರವ್ಯ ಹೆಚ್ಚು. ಸೋಜಿಗದ ಮಾತೆಂದರೆ, ತೆಂಗಿನ ಮರದಿಂದಲೇ ಇಳಿಸಿದ ಕಳ್ಳಿನಲ್ಲಿ ಕೊಬ್ಬರಿಯ ಪರಿಮಳ ಸ್ವಲ್ಪವೂ ಇರುವುದಿಲ್ಲ. ಕಳ್ಳು ಕಾಯಿಯ ರಸವಲ್ಲ. ಕಾಯಾಗುವುದಕ್ಕೆ ಮೊದಲೇ, ಹೂವಿನ ಹೊಂಬಾಳೆಯಿಂದ ಸೋರಿಸಿಕೊಂಡ ರಸ. ಹೀಗೆ, ಸಾವಿರಾರು ಮೈಲಿ ಆಚೆಯ ಮರದ ಪಾನೀಯದಲ್ಲಿ ತೆಂಗು ಇದೆ. ತೆಂಗಿನ ಪಾನೀಯದಲ್ಲಿ ತೆಂಗಿಲ್ಲ.

ಬಿಯರನ್ನು ಆಸ್ವಾದಿಸಲು ಬಲ್ಲವರಿಗೆ ಒಂದು ಕ್ರಮವುಂಟು. ಇಂಥ ಬಿಯರನ್ನು ಮಂಜುಗಡ್ಡೆಯಂತೆ ತಣಿಸಬಾರದು. ಬಹಳ ತಣ್ಣಗಾದರೆ ಪರಿಮಳವೆಲ್ಲ ಮಂಕಾಗುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಗಾಜಿನ ಪಾತ್ರೆಗೆ ಸ್ವಲ್ಪವೇ ಸುರಿಯಬೇಕು. ಮೊದಲು ಮೂಗು, ಅನಂತರ ನಾಲಗೆ. ಹುರಿದ ಬಾರ್ಲಿಯಿಂದ ಕಾಫಿಯ ಮತ್ತು ಚಾಕೊಲೇಟಿನ ವಾಸನೆ ಬರುತ್ತದೆ. ಅದರ ಹಿಂದೆ ಮರದ ಮಾತು ತೊಡಗುತ್ತದೆ. ಪೀಪಾಯಿಯ ಹಲಗೆಗಳನ್ನು ಬಾಗಿಸಲು ಅವುಗಳನ್ನು ಬೆಂಕಿಗೆ ಒಡ್ಡುತ್ತಾರೆ. ಆ ಶಾಖಕ್ಕೆ ಮರದ ಗಟ್ಟಿ ಪದಾರ್ಥ ಒಡೆದು ವೆನಿಲ್ಲಾದ ಸುಗಂಧವನ್ನು ಕೊಡುತ್ತದೆ, ಮರದೊಳಗಿನ ಸಕ್ಕರೆಗಳು ಕಂದಿ ಕಾಯಿಸಿದ ಬೆಲ್ಲದ ವಾಸನೆಯನ್ನು ಕೊಡುತ್ತವೆ. ಲವಂಗದಲ್ಲಿರುವ ಪರಿಮಳದ್ರವ್ಯವೇ ಓಕ್‌ನಲ್ಲಿಯೂ ಕೊಂಚ ಇದೆ. ನಮ್ಮ ಅಡುಗೆಮನೆಯ ಸಂಬಾರದ ಡಬ್ಬಿಯೇ ಪರದೇಶದ ಮರದಲ್ಲಿ ಅಡಗಿ ಕುಳಿತಿದೆ ಎನ್ನಬಹುದು. ಈ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ಹನ್ನೆರಡು ಹದಿನಾಲ್ಕರವರೆಗೂ ಇರುವುದುಂಟು. ಸಾಮಾನ್ಯ ಬಿಯರಿನಲ್ಲಿ ಐದರ ಆಸುಪಾಸು. ಆದುದರಿಂದ ಇದು ಗುಟುಕಿನ ಪಾನೀಯ, ಲೋಟದ್ದಲ್ಲ. ಕುಡಿಯದವರು ಕುಡಿಯಲು ಕಾರಣವೇನೂ ಇಲ್ಲ. ರುಚಿಯ ವಿದ್ಯೆಯನ್ನು ತಿಳಿಯುವುದಕ್ಕೆ ಕುಡಿಯಲೇಬೇಕೆಂದೂ ಇಲ್ಲ.

ಪೀಪಾಯಿಯ ರುಚಿಗೆ ಇಷ್ಟು ಮಾನ ಬಂದದ್ದು ಈಚೆಗೆ. ಶತಮಾನಗಳ ಕಾಲ ಬಿಯರಿಗೆ ಪೀಪಾಯಿ ಕೇವಲ ಪಾತ್ರೆಯಾಗಿತ್ತು. ಮರದ ರುಚಿ ಹತ್ತಿದರೆ ಅದು ದೋಷವೆಂದೇ ಲೆಕ್ಕ. ಜರ್ಮನಿಯಲ್ಲಿ ಪೀಪಾಯಿಯ ಒಳಮೈಗೆ ರಾಳವನ್ನು ಬಳಿದು ಮರವು ಬಿಯರಿಗೆ ತಾಗದಂತೆ ಮಾಡುತ್ತಿದ್ದರು. ಇಂಗ್ಲೆಂಡಿನ ತಯಾರಕರು ಬಾಲ್ಟಿಕ್ ಸಮುದ್ರದ ತೀರದಿಂದ ಬರುವ, ವಾಸನೆ ಬಿಡದ ಓಕ್ ಅನ್ನೇ ಬಯಸುತ್ತಿದ್ದರು. ಅಮೆರಿಕದ ಓಕ್ ಬಿಯರಿನ ರುಚಿಯನ್ನು ಕೆಡಿಸುತ್ತದೆಂದು ದೂರವಿಟ್ಟಿದ್ದರು. ಇಂದು ಜನ ಹಣ ತೆತ್ತು ಹುಡುಕುವ ಕೊಬ್ಬರಿಯ ಕಂಪು ಅಂದಿನ ಪೀಪಾಯಿಗಾರನಿಗೆ ತಲೆನೋವಾಗಿತ್ತು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಲಂಡನಿನಿಂದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಮದ್ರಾಸು, ಕಲ್ಕತ್ತ, ಮುಂಬಯಿಗಳಿಗೆ ಪೀಪಾಯಿಗಳಲ್ಲಿ ಬಿಯರು ಬರುತ್ತಿತ್ತು. ತಿಂಗಳುಗಟ್ಟಲೆಯ ಆ ಪಯಣದಲ್ಲಿ ಹಡಗಿನ ಕುಲುಕಾಟಕ್ಕೂ ಉಷ್ಣಕ್ಕೂ ಸಿಕ್ಕಿ ಅದು ಪಕ್ವವಾಗುತ್ತಿತ್ತು. ಯಾರೂ ಬೇಡದ ಪಕ್ವತೆ. ಬೇರೆ ದಾರಿಯಿಲ್ಲದ್ದರಿಂದ ಆದ ಪಕ್ವತೆ.

ಆಮೇಲೆ ಉಕ್ಕಿನ ಪಾತ್ರೆಗಳು ಬಂದವು; ಪೀಪಾಯಿ ಮೂಲೆ ಸೇರಿತು. ಅದು ಮತ್ತೆ ಬೆಳಕಿಗೆ ಬಂದುದಕ್ಕೆ ಅಮೆರಿಕದ ಒಂದು ಕಾನೂನೂ ಕಾರಣ. ಅಲ್ಲಿಯ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿಯನ್ನು ಅದೇ ಕೆಲಸಕ್ಕೆ ಮತ್ತೆ ಬಳಸುವಂತಿಲ್ಲ. ಹೀಗಾಗಿ ಒಂದೊಂದೂ ಸುಮಾರು ಇನ್ನೂರು ಲೀಟರು ಹಿಡಿಯುವ, ವಿಸ್ಕಿಯನ್ನು ಕುಡಿದು ಮೈದುಂಬಿಕೊಂಡ ಪೀಪಾಯಿಗಳು ರಾಶಿ ರಾಶಿಯಾಗಿ ಉಳಿಯುತ್ತವೆ. 1990ರ ದಶಕದಲ್ಲಿ ಷಿಕಾಗೋ ನಗರದ ಗೂಸ್ ಐಲೆಂಡ್ ಎಂಬ ಬಿಯರ್ ತಯಾರಿಕಾ ಸಂಸ್ಥೆಯವರು ಅಂಥ ಪೀಪಾಯಿಗಳಿಗೆ ತಮ್ಮ ಕಪ್ಪು ಬಿಯರನ್ನು ತುಂಬಿ ಕಾದು ನೋಡಿದರು. ಅದು ಹೆಸರಾಯಿತು, ಲೋಕದ ನಾನಾ ಕಡೆ ಅನುಕರಣೆಗಳು ಹುಟ್ಟಿದವು. 2011ರ ಸುಮಾರಿನಿಂದ ಬೆಂಗಳೂರಿನಲ್ಲಿಯೂ ಅಲ್ಲಲ್ಲೇ ಕಾಯಿಸಿ ಅಲ್ಲಲ್ಲೇ ಬಡಿಸುವ ಕಿರು ಬಿಯರ್ ಶಾಲೆಗಳು ತೆರೆಯುತ್ತ ಬಂದಿವೆ. ಬಿಯರಿನ ಬಗೆಗಳನ್ನು ಕುರಿತು ಜಾಣತನದಿಂದ ಮಾತನಾಡುವ ತರುಣ ವರ್ಗವೊಂದು ಅಲ್ಲಿ ತಯಾರಾಗಿದೆ. ಮಾವನ ಎದುರಿಗೆ ಕುಳಿತಿರುವ ಅಳಿಯನೂ ಆ ವರ್ಗದವನೇ.

ಕಾಲಕ್ಕೆ ಬೆಲೆ ಕಟ್ಟುವ ಪಾನೀಯ ಇದು. ಒಂದು ವರ್ಷ ಕಾದಿದೆ ಎಂದೊಡನೆ ಅದಕ್ಕೆ ಗೌರವ. ಬೆಂಗಳೂರಿನ ಅಮೃತ್ ಸಂಸ್ಥೆಯವರು ವಿಸ್ಕಿಯನ್ನು ಪೀಪಾಯಿಯಲ್ಲಿಟ್ಟಾಗ ಆ ಊರಿನ ಒಣ ಬಿಸಿಲಿಗೆ ವರ್ಷಕ್ಕೆ ನೂರರಲ್ಲಿ ಹತ್ತು ಪಾಲಿಗೂ ಹೆಚ್ಚು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಹೋಗುವುದು ಎರಡೇ ಪಾಲು. ಕಾಯುವುದೆಂದರೆ ಕಳೆದುಕೊಳ್ಳುವುದೂ ಹೌದು. ಉಷ್ಣದ ನಾಡಿನಲ್ಲಿ ಕಾಲವು ಬಡ್ಡಿಯನ್ನು ಬೇಗ ಕೇಳುತ್ತದೆ. ಇನ್ನು ಕರಾವಳಿಯ ಸೆಕೆಯಲ್ಲಿ, ಗಡಿಗೆಯಲ್ಲಿ ನೇತಾಡುವ ಕಳ್ಳಿನ ಪಾಡನ್ನು ಕೇಳುವುದೇ ಬೇಡ. ಅದಕ್ಕೆ ಇರುವುದು ಒಂದು ಹಗಲು.

ಆದರೂ ಗಡಿಗೆಗೂ ಪೀಪಾಯಿಗೂ ಒಂದು ನಂಟುಂಟು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಸುತ್ತಮುತ್ತ ಲ್ಯಾಂಬಿಕ್ ಎಂಬ ಹುಳಿ ಬಿಯರನ್ನು ಮಾಡುತ್ತಾರೆ. ಅದಕ್ಕೆ ಯಾರೂ ಯೀಸ್ಟನ್ನು ಬೆರೆಸುವುದಿಲ್ಲ. ಕುದಿಸಿದ ರಸವನ್ನು ಅಗಲವಾದ ತೆರೆದ ಕೊಪ್ಪರಿಗೆಯಲ್ಲಿ ಚಳಿಗಾಲದ ಒಂದು ರಾತ್ರಿ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮ ಜೀವಿಗಳು ಅದಕ್ಕೆ ಬಂದು ಬೀಳುತ್ತವೆ. ಮುಂದೆ ಒಂದರಿಂದ ಮೂರು ವರ್ಷದವರೆಗೆ ಹಳೆಯ ಪೀಪಾಯಿಗಳಲ್ಲಿ, ಅವುಗಳ ಮರದ ರಂಧ್ರಗಳಲ್ಲಿ ಮನೆ ಮಾಡಿಕೊಂಡಿರುವ ಯೀಸ್ಟುಗಳೂ ಕೈಗೂಡಿ ಅದನ್ನು ಹಣ್ಣು ಮಾಡುತ್ತವೆ. ಅಂಥ ಯೀಸ್ಟೊಂದನ್ನು 1904ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸನ್ ಎಂಬ ವಿಜ್ಞಾನಿ ಇಂಗ್ಲಿಷ್ ಬಿಯರಿನಲ್ಲಿ ಗುರುತಿಸಿ ಹೆಸರಿಟ್ಟನು. ವಿಜ್ಞಾನಿಗಳು ಹೆಸರಿಡುವ ಮೊದಲೇ ಪೀಪಾಯಿಯು ಅವುಗಳನ್ನು ಸಾಕಿತ್ತು.

ಮೂರ್ತೆದಾರನ ಗಡಿಗೆಯೂ ಹೀಗೆಯೇ. ಅದನ್ನು ತೊಳೆಯುತ್ತಾನೆ, ಆದರೆ ಮಣ್ಣಿನ ರಂಧ್ರಗಳಲ್ಲಿ ನಿನ್ನೆಯ ಕಳ್ಳಿನ ಅಂಶ ಉಳಿದೇ ಉಳಿಯುತ್ತದೆ. ಹೊಂಬಾಳೆಯಿಂದ ತೊಟ್ಟಿಕ್ಕುವ ರಸವು ಗಡಿಗೆಯ ತಳಕ್ಕೆ ಬಿದ್ದೊಡನೆ ಅಲ್ಲಿ ಕಾದು ಕುಳಿತ ಯೀಸ್ಟು ಕೆಲಸಕ್ಕೆ ತೊಡಗುತ್ತದೆ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರ್ತೆಯ ಕೆಲಸವನ್ನು ದೂರದಿಂದ ಕಂಡವರು ಅದು ಮರ ಹತ್ತುವ ಕೆಲಸವೆಂದು ತಿಳಿಯುತ್ತಾರೆ. ಹತ್ತುವುದು ಅದರ ಅರ್ಧ ಮಾತ್ರ. ಇನ್ನೂ ಬಿರಿಯದ ಹೊಂಬಾಳೆಯನ್ನು ಆರಿಸಬೇಕು. ಒಂದು ವಾರ ಮೊದಲಾದರೆ ಎಳಸು, ಒಂದು ವಾರ ತಡವಾದರೆ ಬಿರಿದು ವ್ಯರ್ಥ. ಅದು ಬಿರಿಯದಂತೆ ಸುತ್ತಲೂ ನಾರಿನಿಂದ ಬಿಗಿಯಬೇಕು. ಆ ಮೇಲೆ ದಿನವೂ ಅದನ್ನು ಚಿಕ್ಕ ಕೊಡತಿಯಿಂದ ಬುಡದಿಂದ ತುದಿಯವರೆಗೆ ಹಗುರವಾಗಿ ಬಡಿಯುತ್ತ ಬರಬೇಕು. ಕೂಸಿನ ಬೆನ್ನು ತಟ್ಟಿದಂತೆ. ಜೋರಾದರೆ ಒಳಗಿನ ಹೂಗಳು ಜಜ್ಜಿ ಕೊಳೆಯುತ್ತವೆ. ಮೆಲ್ಲಗಾದರೆ ರಸ ಹೊರಡುವುದಿಲ್ಲ. ಹತ್ತು ಹದಿನೈದು ದಿನಗಳ ಈ ಉಪಚಾರದ ನಂತರ ತುದಿಯನ್ನು ಕತ್ತಿಯಿಂದ ತೆಳ್ಳಗೆ ಸವರಿದರೆ ಹನಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬೆಳಿಗ್ಗೆಯೂ ಸಂಜೆಯೂ ಹೊಸದಾಗಿ ಸವರುವುದು, ಗಡಿಗೆಯನ್ನು ಇಳಿಸುವುದು, ಬೇರೆ ಗಡಿಗೆಯನ್ನು ಕಟ್ಟುವುದು. ಸವರುವ ಹೋಳು ಎಲೆಯಷ್ಟು ತೆಳುವಾಗಿರಬೇಕು. ದಪ್ಪವಾದರೆ ಒಂದು ತಿಂಗಳು ನಡೆಯಬೇಕಾದ ಹೊಂಬಾಳೆ ಅರ್ಧ ತಿಂಗಳಿಗೇ ಮುಗಿದುಹೋಗುತ್ತದೆ. ಒಳ್ಳೆಯ ಮರವೊಂದು ದಿನಕ್ಕೆ ಒಂದೂವರೆ ಎರಡು ಲೀಟರು ರಸ ಕೊಡಬಲ್ಲದು. ಮಳೆಗಾಲದಲ್ಲಿ ಪಾಚಿಗಟ್ಟಿದ ಕಾಂಡ, ಗಾಳಿಗೆ ತೂಗುವ ತಲೆ. ಕೆಳಗೆ ನೋಡಿದರೆ ಮನೆಯ ಹೆಂಚು ಅಂಗೈಯಗಲ. ಈ ಕಸುಬಿನಲ್ಲಿ ಬಿದ್ದವರ ಕಥೆಯಿಲ್ಲದ ಊರು ಕರಾವಳಿಯಲ್ಲಿ ಇರಲಾರದು.

ಅಪ್ಪಟ ರಸವು, ಎಂದರೆ ಹುದುಗು ತಾಗದ ರಸವು, ತೆಳು ಜೇನಿನ ಬಣ್ಣದ್ದು. ನೂರರಲ್ಲಿ ಹನ್ನೆರಡು ಹದಿನೈದು ಪಾಲು ಸಕ್ಕರೆ. ಕಳ್ಳು ಬೆಳ್ಳಗೆ ಕಾಣುವುದು ಅದರಲ್ಲಿ ತೇಲುವ ಕೋಟ್ಯಂತರ ಯೀಸ್ಟು ಮತ್ತು ಸೂಕ್ಷ್ಮಾಣುಗಳಿಂದ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಿಗ್ಗೆ ಇಳಿಸುವಷ್ಟರಲ್ಲಿಯೇ ರಾತ್ರಿಯ ಹುದುಗಾಟ ಅರ್ಧ ನಡೆದಿರುತ್ತದೆ. ಆಗ ಅದು ಸಿಹಿ. ಸಿಹಿಯ ಅಂಚಿನಲ್ಲಿ ನಾಲಗೆಯನ್ನು ಚುರ್ರೆನ್ನಿಸುವ ನೊರೆ. ಬಿಸಿಲೇರಿದಂತೆ ಸಿಹಿ ಇಳಿಯುತ್ತದೆ, ಹುಳಿ ಏರುತ್ತದೆ. ಮಧ್ಯಾಹ್ನಕ್ಕೆ ಎರಡೂ ಸಮತೂಕ. ಬಲ್ಲವರಲ್ಲಿ ಕೆಲವರು ಅದೇ ಕಳ್ಳಿನ ಯೌವನವೆನ್ನುತ್ತಾರೆ. ಸಂಜೆಗೆ ಖಾರವಾದ ಹುಳಿ, ಗಂಟಲಿನಲ್ಲಿ ಬಿಸಿ. ಮದ್ಯಸಾರ ನೂರಕ್ಕೆ ಐದನ್ನು ದಾಟಿರುತ್ತದೆ. ಮರುದಿನ ಅದು ಬೇರೊಂದು ವಸ್ತು. ಇನ್ನೂ ಕೆಲವು ದಿನ ಬಿಟ್ಟರೆ ವಿನೆಗರ್. ಕಪ್ಪು ಬಿಯರು ಹನ್ನೆರಡು ತಿಂಗಳಲ್ಲಿ ನಡೆಯುವ ದಾರಿಯನ್ನು ಕಳ್ಳು ಹನ್ನೆರಡು ಗಂಟೆಯಲ್ಲಿ ಓಡಿ ಮುಗಿಸುತ್ತದೆ. ಆದುದರಿಂದ ಕಳ್ಳಿನ ರುಚಿ ಹೇಗಿದೆ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಎಷ್ಟು ಹೊತ್ತಿನ ರುಚಿ ಎಂದು ಕೇಳಬೇಕು.

ಈ ಓಟದ ಒಂದೊಂದು ಮೈಲಿಗಲ್ಲನ್ನೂ ಕರಾವಳಿಯ ಅಡುಗೆಮನೆ ದುಡಿಸಿಕೊಂಡಿದೆ. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುದುಗು ಏಳುವುದಿಲ್ಲ. ಆ ರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಹದವಾಗಿ ನೊರೆಯೆದ್ದ ಕಳ್ಳನ್ನು ಅಕ್ಕಿಯ ಹಿಟ್ಟಿಗೆ ಬೆರೆಸಿ ಉಬ್ಬಿಸಿ ಹಬೆಯಲ್ಲಿ ಬೇಯಿಸಿದರೆ ಹತ್ತಿಯಂಥ ಸನ್ನಾ. ಮಂಗಳೂರು, ಶಿರ್ವ ಮುಂತಾದೆಡೆಗಳ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬದೂಟಕ್ಕೆ ಅದು ಬೇಕೇ ಬೇಕು. ಈಗ ಎಷ್ಟೋ ಮನೆಗಳಲ್ಲಿ ಕಳ್ಳಿನ ಬದಲು ಪೊಟ್ಟಣದ ಯೀಸ್ಟನ್ನು ಹಾಕುತ್ತಾರೆ. ಸನ್ನಾ ಉಬ್ಬುತ್ತದೆ, ಅಜ್ಜಿಯರು ಮಾತ್ರ ಒಂದು ತುಂಡು ಬಾಯಿಗಿಟ್ಟು ಸುಮ್ಮನಾಗುತ್ತಾರೆ. ಕಡೆಯ ಮೈಲಿಗಲ್ಲಾದ ವಿನೆಗರಂತೂ ಮಾಂಸದ ಅಡುಗೆಗೆ ಹುಳಿಯಾಗಿ ವರ್ಷಗಟ್ಟಲೆ ಜಾಡಿಯಲ್ಲಿ ಉಳಿಯುತ್ತದೆ. ದೈವಗಳೂ ಕಳ್ಳನ್ನು ಒಲ್ಲೆನ್ನುವುದಿಲ್ಲ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೊಡನೆ ಅದನ್ನೂ ಒಪ್ಪಿಸುವ ರೂಢಿಯುಂಟು. ಅನಾಥನಾಗಿದ್ದ ಆ ಕೊರಗ ತನಿಯನನ್ನು ಮನೆಗೆ ಕರೆದು ಸಾಕಿದ ಮೈರಕ್ಕೆ ಬೈದೆತಿ ಕಳ್ಳಿನ ವ್ಯಾಪಾರದವಳೇ ಎಂದು ಐತಿಹ್ಯ.

ಇಷ್ಟು ಬಳಕೆಯಿದ್ದರೂ ಕಳ್ಳಿಳಿಸಿದವನಿಗೆ ಸಿಕ್ಕಿದ ಮರ್ಯಾದೆ ಸ್ವಲ್ಪ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಬಿಲ್ಲವರ ವೃತ್ತಿ ಮರದಿಂದ ರಸವಿಳಿಸುವುದೆಂದು ಬರೆದಿಟ್ಟನು. ಎಲ್ಲ ಬಿಲ್ಲವರೂ ಆ ಕೆಲಸದವರಲ್ಲ. ಆದರೆ ಸಮಾಜವು ಒಂದು ಕಸುಬನ್ನು ಇಡೀ ಜನಾಂಗದ ಹಣೆಗೆ ಅಂಟಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಬಳಿ ಕ್ರೈಸ್ತರಾದವರಲ್ಲಿ ಬಿಲ್ಲವರೇ ಬಹುಮಂದಿ. ಮಿಷನ್ ಕಳ್ಳಿನ ಕಸುಬನ್ನು ಒಪ್ಪಲಿಲ್ಲ; ಬಿಟ್ಟುಬಂದವರಿಗೆ ಅನ್ನ ಬೇಕಲ್ಲ? ನೇಯ್ಗೆಯ ಶಾಲೆಗಳೂ, 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಹೆಂಚಿನ ಕಾರ್ಖಾನೆಯೂ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಸೇರಿವೆ. ಮಂಗಳೂರಿನ ಕೆಂಪು ಹೆಂಚು ಲೋಕಪ್ರಸಿದ್ಧವಾದುದರ ಹಿಂದೆ ಮರ ಇಳಿದವರ ಕೈಗಳೂ ಇದ್ದವು.

ಇನ್ನೊಂದು ದಿಕ್ಕಿನಿಂದ ನಾರಾಯಣ ಗುರುಗಳು ಬಂದರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ದೇವಸ್ಥಾನದ ಹೊರಗೆ ನಿಂತಿದ್ದ ಜನರಿಗೆ ದೇವಸ್ಥಾನವನ್ನೇ ಕೊಟ್ಟವರು ಅವರು. ಮದ್ಯವನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂಬುದೂ ಅವರದೇ ಉಪದೇಶ. ಕುಡಿತವು ಮನೆಗಳನ್ನು ತಿಂದುದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಮಾತು ಸುಳ್ಳೆಂದು ಯಾರೂ ಹೇಳಲಾರರು. ಗುರುಗಳ ಪಟಕ್ಕೆ ಕೈಮುಗಿದು ಬೆಳಗಿನ ಮರಕ್ಕೆ ಹೊರಡುವ ಮೂರ್ತೆದಾರನ ಮನಸ್ಸಿನೊಳಗೆ ಏನು ನಡೆಯುತ್ತಿತ್ತೆಂಬುದನ್ನು ಹೊರಗಿನವರು ಅಷ್ಟು ಸುಲಭವಾಗಿ ತೂಗಿ ನೋಡಲೂ ಆಗದು.

ಸರಕಾರಗಳ ಮನಸ್ಸೂ ಹೀಗೆಯೇ ಹೊಯ್ದಾಡಿದೆ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಪಾನನಿಷೇಧವು ಪ್ರಾಂತ್ಯಕ್ಕೆಲ್ಲ ವ್ಯಾಪಿಸಿತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1960ರ ದಶಕ ಮುಗಿಯುವುದರೊಳಗೆ ಅದು ಸಡಿಲವಾಯಿತು. ಕಲಬೆರಕೆಯ ಹಾವಳಿಯ ನಂತರ 2004ರಲ್ಲಿ ಕರ್ನಾಟಕದಲ್ಲಿ ಕಳ್ಳಿನ ಮಾರಾಟವನ್ನು ನಿಲ್ಲಿಸಿದಾಗ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಮಾತ್ರ ಹೊರಗಿಟ್ಟರು. ಇಲ್ಲಿ ಮೂರ್ತೆದಾರರ ಸಹಕಾರ ಸಂಘಗಳು ಕಳ್ಳನ್ನು ಕೊಂಡು ಮಾರುತ್ತ ಬಂದಿವೆ. ಕಲಬೆರಕೆ ಮಾಡಿದವನು ಮರ ಹತ್ತಿದವನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ಹಗಲಷ್ಟೇ ಬಾಳುವ ವಸ್ತುವನ್ನು ದೂರದ ಪೇಟೆಗೆ ಸಾಗಿಸಿ, ಬೇಡಿಕೆಗೆ ತಕ್ಕಷ್ಟು ಹಿಗ್ಗಿಸಲು ಹೊರಟಲ್ಲಿ ಕಳ್ಳು ಸಾಲದಾಯಿತು. ಸಾಲದ ಕಡೆಗೆ ರಾಸಾಯನಿಕ ಬಂತು.

ಓಟವನ್ನು ತಡೆಯುವ ವಿದ್ಯೆಯೂ ಈಗ ಉಂಟು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಂದನ್ನು ರೂಪಿಸಿದ್ದಾರೆ. ಹೊಂಬಾಳೆಯ ತುದಿಗೆ ಅದನ್ನು ತೂಗಿಸಿದರೆ ರಸ ಬಿದ್ದೊಡನೆ ತಣಿಯುತ್ತದೆ, ಯೀಸ್ಟು ಮೈಮುರಿದೇಳುವುದಿಲ್ಲ. ಆ ಸಿಹಿ ರಸಕ್ಕೆ ಅವರು ಕಲ್ಪರಸವೆಂದು ಹೆಸರಿಟ್ಟರು. ಮತ್ತು ಬಾರದ ಈ ಬಗೆಯ ನೀರಾವನ್ನು ಇಳಿಸಿ ಮಾರಲು 2016ರಲ್ಲಿ ಕರ್ನಾಟಕದ ಅಬಕಾರಿ ಕಾನೂನು ದಾರಿಬಿಟ್ಟಿತು. ಮಕ್ಕಳೂ ಕುಡಿಯಬಹುದಾದ ಪಾನೀಯ, ರೈತನಿಗೂ ಕಾಯಿಗಿಂತ ಹೆಚ್ಚಿನ ಆದಾಯದ ಆಸೆ. ಯೋಜನೆ ಚೆನ್ನಾಗಿಯೇ ಇದೆ. ಅದಕ್ಕೂ ಹೊಂಬಾಳೆಯನ್ನು ಆರಿಸಿ, ಬಿಗಿದು, ಬಡಿದು, ಸವರಬಲ್ಲ ಒಬ್ಬನು ಮರದ ಮೇಲೆ ಬೇಕು. ಪೆಟ್ಟಿಗೆಯು ತಾನಾಗಿ ಮರ ಹತ್ತುವುದಿಲ್ಲ.

ಆ ಒಬ್ಬನೇ ಈಗ ಸಿಗದವನು. ಮಗನೋ ಅಳಿಯನೋ ಕಸುಬನ್ನು ಮುಂದುವರಿಸಲೆಂದು ಬಯಸುವ ಮೂರ್ತೆದಾರನೂ ಅಪರೂಪ. ನಂದಿಕೂರಿನ ಈ ಮಾವನೂ ಬಯಸಿದವನಲ್ಲ. ಅಳಿಯನು ಎಂಜಿನಿಯರಿಂಗ್ ಮುಗಿಸಿದ ದಿನ ಊರಿಗೆಲ್ಲ ಸಿಹಿ ಹಂಚಿದವನು ಅವನೇ. ಹೆಣ್ಣಿನ ಸಂತತಿಯಲ್ಲಿ ಆಸ್ತಿ ಇಳಿಯುತ್ತಿದ್ದ ಅಳಿಯಸಂತಾನದ ಕಾಲದಲ್ಲಾಗಿದ್ದರೆ ಮಾವನದೆಲ್ಲವೂ ಅಳಿಯನಿಗೆ ಬರಬೇಕು. ಕತ್ತಿ, ಕೊಡತಿ, ಮರದ ಲೆಕ್ಕ, ಎಲ್ಲವೂ.

ಜಗಲಿಯ ಮೇಲೆ ಸೀಸೆ ಅರ್ಧವಾಗಿದೆ. ಹತ್ತು ಗಂಟೆಯ ಹೊತ್ತಿಗೆ ನೆರೆಮನೆಯ ಹುಡುಗನು ಸಂಘದ ಅಂಗಡಿಯಿಂದ ತಂದ ಕಳ್ಳನ್ನು ಅತ್ತೆಯು ಸ್ಟೀಲಿನ ತಂಬಿಗೆಯಲ್ಲಿ ಇಟ್ಟು ಹೋಗಿದ್ದಾಳೆ. ಮಧ್ಯಾಹ್ನದ ಅಡುಗೆಗೆ ಬೇಕಾದುದನ್ನು ಅವಳು ಮೊದಲೇ ತೆಗೆದಿಟ್ಟುಕೊಂಡಿದ್ದಾಳೆ. ಮಾವನು ಒಂದು ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನುಂಗುತ್ತಾನೆ.

"ಇದು ಇವತ್ತಿನದ್ದೇ ಅಲ್ಲ. ನಿನ್ನೆ ಸಂಜೆಯದ್ದು ಸ್ವಲ್ಪ ಸೇರಿದೆ."

ಅಳಿಯನೂ ಕುಡಿದು ನೋಡುತ್ತಾನೆ. ಸಿಹಿ, ಹುಳಿ, ನೊರೆ, ಅಷ್ಟೇ. ಬಿಯರಿನ ವಿಷಯದಲ್ಲಿ ಅವನಿಗೆ ನೂರು ಮಾತುಗಳು ಗೊತ್ತು. ಕಾಫಿ, ವೆನಿಲ್ಲಾ, ಸುಟ್ಟ ಬೆಲ್ಲ, ಚರ್ಮದ ಪೆಟ್ಟಿಗೆ, ಒಣದ್ರಾಕ್ಷಿ ಎಂದೆಲ್ಲ ಗುರುತಿಸಿ ಬರೆದಿಡುವ ಅಭ್ಯಾಸವೂ ಇದೆ. ಇಲ್ಲಿ ಅವನಿಗೆ ಒಂದು ಮಾತೂ ಹೊಳೆಯುವುದಿಲ್ಲ.

"ಅದು ಹೇಗೆ ಗೊತ್ತಾಗ್ತದೆ ಮಾವ?"

"ಹುಳಿ ಎರಡು ಇದೆ. ಒಂದು ಮುಂದೆ ಬರ್ತದೆ, ಒಂದು ಹಿಂದಿನಿಂದ. ಒಂದೇ ಗಡಿಗೆಯದ್ದಾದರೆ ಹಾಗೆ ಬರುವುದಿಲ್ಲ."

ಅಳಿಯನು ಅದನ್ನು ಬರೆದುಕೊಳ್ಳುತ್ತಾನೆ. ಬರೆದುಕೊಂಡು, ಮತ್ತೊಮ್ಮೆ ಗುಟುಕರಿಸಿ, ಹಿಂದಿನಿಂದ ಬರುವ ಹುಳಿಗಾಗಿ ಕಾಯುತ್ತಾನೆ. ಬಂತೋ ಇಲ್ಲವೋ ಅವನಿಗೆ ನಿಶ್ಚಯವಾಗುವುದಿಲ್ಲ.

"ಹೊಂಬಾಳೆ ಬಡಿಯುವುದು ಹೇಗೆ ಮಾವ? ಎಷ್ಟು ಜೋರಿಗೆ?"

ಮಾವನು ಏನನ್ನೋ ಹೇಳಲು ಬಾಯಿ ತೆರೆದು, ಮಾತು ಸಾಲದೆಂದು ತೋರಿ, ಪಕ್ಕದ ಮರದ ಬೆಂಚಿನ ಮೇಲೆ ಬೆರಳ ಗೆಣ್ಣುಗಳಿಂದ ಬಡಿದು ತೋರಿಸುತ್ತಾನೆ. ಬುಡದಲ್ಲಿ ತುಸು ಒತ್ತಾಗಿ, ನಡುವೆ ಹಗುರವಾಗಿ, ತುದ���ಗೆ ಬರುವಾಗ ಕೇಳಿಸಿಯೂ ಕೇಳಿಸದಂತೆ. ಮತ್ತೆ ಬುಡದಿಂದ. ಕಣ್ಣು ಅರೆಮುಚ್ಚಿದೆ, ಕೈ ಮಾತ್ರ ನಲವತ್ತು ವರ್ಷಗಳ ಲೆಕ್ಕದಲ್ಲಿ ನಡೆಯುತ್ತಿದೆ.

ಒಳಗಿನಿಂದ ಅತ್ತೆಯ ಧ್ವನಿ ಕೇಳಿಸುತ್ತದೆ: "ಯಾರದು, ಬಾಗಿಲು ತಟ್ಟುವುದು?"